ಮೂರು ಕೋಟ್ ಬಣ್ಣದೊಳಗಿನ ವಾಲ್ವ್

ಟಪ್... ಟಪ್... ಟಪ್. ಈ ಸದ್ದು ನಿಮ್ಮ ಮನೆಯಲ್ಲೂ ಇದೆಯೇ? ಹಾಗಾದರೆ ಕೈಯಲ್ಲಿರುವ ಕೆಲಸ ಪಕ್ಕಕ್ಕಿಟ್ಟು ಐದು ನಿಮಿಷ ಕೂತು ಇದನ್ನು ಓದಿ.

ಬಣ್ಣದ ಮೇಷ್ಟ್ರ ಅಡುಗೆಮನೆಯ ನಲ್ಲಿ ಮೂರು ತಿಂಗಳಿಂದ ಹೀಗೇ ತೊಟ್ಟಿಕ್ಕುತ್ತಿತ್ತು. ಅವರು ಶಾಲೆಯ ಮೇಷ್ಟ್ರಲ್ಲ, ಮನೆಗಳಿಗೆ ಬಣ್ಣ ಹೊಡೆಯುವವರು. ಕೆಲಸ ಅಷ್ಟು ಅಚ್ಚುಕಟ್ಟು ಎಂದು ಬೀದಿಯವರೇ ಇಟ್ಟ ಹೆಸರು ಅದು. ನಲ್ಲಿಯ ಕಾಯಿಲೆಗೆ ಅವರ ಹತ್ತಿರ ಇದ್ದದ್ದು ಒಂದೇ ಮದ್ದು, ಇನ್ನಷ್ಟು ಬಿಗಿಯುವುದು. ಮೊದಲು ಬೆರಳಲ್ಲಿ ಬಿಗಿದರು. ಆಮೇಲೆ ಮುಷ್ಟಿಯಲ್ಲಿ. ಕೊನೆಗೆ ಬಟ್ಟೆ ಸುತ್ತಿ, ಹಲ್ಲು ಕಚ್ಚಿ ಬಿಗಿದರು. ಹೆಂಡತಿಗೂ ತಾಯಿಗೂ ಆ ನಲ್ಲಿ ತೆರೆಯಲು ಆಗದಂತಾಯಿತು. ಹನಿ ಬೀಳುವುದು ಮಾತ್ರ ನಿಲ್ಲಲಿಲ್ಲ.

ಹೆಂಡತಿ ಟೈಲರಮ್ಮ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಆ ತಿಂಗಳು ಮೊದಲ ಸಲ ದೊಡ್ಡ ಆರ್ಡರ್ ಬಂದಿತ್ತು. ಹತ್ತಿರದ ಶಾಲೆಗೆ ನಲವತ್ತು ಸಮವಸ್ತ್ರ, ಸೋಮವಾರ ಬೆಳಿಗ್ಗೆ ಕೊಡಬೇಕು. ಇದು ಚೆನ್ನಾಗಿ ಬಂದರೆ ಮುಂದಿನ ವರ್ಷ ಇಡೀ ಶಾಲೆಯ ಹೊಲಿಗೆ ನಿಮ್ಮದೇ ಎಂದು ಹೆಡ್‌ಮಿಸ್ ಹೇಳಿದ್ದರು. ಅಡುಗೆಮನೆಯ ಪಕ್ಕದ್ದೇ ಹೊಲಿಗೆ ಕೋಣೆ. ಮೇಜಿನ ಮೇಲೆ ಜಾಗ ಸಾಲದೆ, ಮುಗಿದ ಬಟ್ಟೆಗಳನ್ನು ನೆಲಕ್ಕೆ ಪೇಪರ್ ಹಾಸಿ ಜೋಡಿಸಿಟ್ಟಿದ್ದರು.

ಶನಿವಾರ ಸಂಜೆ ಎದುರುಮನೆಯ ನೀರಕ್ಕ ರವಿಕೆಯ ಹರಿದ ತೋಳು ಹೊಲಿಸಲು ಬಂದರು. ನೀರು ಸರಬರಾಜು ಕಚೇರಿಯಲ್ಲಿ ಪೈಪ್ ರಿಪೇರಿ ಮಾಡುವವರು ಅವರು. ಬಾಗಿಲಲ್ಲೇ ಕಿವಿ ನಿಮಿರಿತು.

"ಮೇಷ್ಟ್ರೇ, ಇದೇನು ನಿಮ್ಮ ನಲ್ಲಿ ತಾಳ ಹಾಕ್ತಿದೆ?"

"ಬಿಡಿ ಅಕ್ಕ, ಇನ್ನೊಂದು ಸುತ್ತು ಬಿಗಿದ್ರೆ ಆಯ್ತು."

"ಅಯ್ಯೋ, ಬಿಗೀಬೇಡಿ! ಒಳಗೆ ರಬ್ಬರ್ ವಾಷರ್ ಸವೆದಿದೆ. ನೀವು ಬಿಗಿದಷ್ಟೂ ಅದು ಜಜ್ಜಿಹೋಗುತ್ತೆ, ತಿರುಪೂ ಹಾಳಾಗುತ್ತೆ. ಹತ್ತು ನಿಮಿಷದ ಕೆಲಸ, ಈಗ್ಲೇ ಮಾಡೋಣ. ಮನೆಗೆ ಬರೋ ನೀರು ನಿಲ್ಲಿಸೋ ಮೇನ್ ವಾಲ್ವ್ ಎಲ್ಲಿದೆ?"

ಮನೆಯ ಮೂವರೂ ಮುಖ ಮುಖ ನೋಡಿಕೊಂಡರು.

"ಇಲ್ಲೇ ಎಲ್ಲೋ ಗೋಡೇಲಿದೆ," ಅಂದರು ಮೇಷ್ಟ್ರು. "ನಾನೇ ಮೂರು ಕೋಟ್ ಹೊಡೆದಿದ್ದೀನಿ. ಪೈಪ್ ಯಾವ್ದು, ಗೋಡೆ ಯಾವ್ದು ಅಂತ ಯಾರಿಗೂ ಗೊತ್ತಾಗಬಾರದು, ಹಾಗೆ!"

"ನಿಮಗಾದ್ರೂ ಗೊತ್ತಾಗುತ್ತಾ?"

ತಾಯಿ ಕಿಸಕ್ಕನೆ ನಕ್ಕರು. ಮೇಷ್ಟ್ರಿಗೆ ರೇಗಿತು. "ಐದು ವರ್ಷದಿಂದ ಯಾರೂ ಮುಟ್ಟಿಲ್ಲ ಅಕ್ಕ. ಬೇಕಾದಾಗ ಹುಡುಕಿದ್ರಾಯ್ತು."

"ಬೇಕಾದಾಗ ಹುಡುಕೋಕೆ ನೀರು ಪುರಸೊತ್ತು ಕೊಡಲ್ಲ ಮೇಷ್ಟ್ರೇ," ಎಂದು ನೀರಕ್ಕ ತೋಳು ಹೊಲಿಸಿಕೊಂಡು ಹೊರಟರು.

ಭಾನುವಾರ ಬೆಳಿಗ್ಗೆ ಬಿಂದಿಗೆ ತುಂಬಿಸಿ ಮೇಷ್ಟ್ರು ನಲ್ಲಿ ನಿಲ್ಲಿಸಿದರು. ಹನಿ ಬಿತ್ತು. ನೀರಕ್ಕನ ಮಾತು ನೆನಪಾಗಿ ಹಟ ಬಂತು. ಇನ್ನೊಂದೇ ಒಂದು ಸುತ್ತು ಬಿಗಿದರು. ಕಟಕ್ ಅಂತು. ನಲ್ಲಿಯ ತಲೆ ಕೈಗೇ ಬಂತು. ನೀರು ನೇರ ಮೇಲಕ್ಕೆ ಚಿಮ್ಮಿತು.

"ರೀ, ವಾಲ್ವ್ ಎಲ್ರೀ?" ಟೈಲರಮ್ಮ ಕೂಗಿದರು.

ಮೇಷ್ಟ್ರು ಗೋಡೆ ತಡವಿದರು. ಅವರದೇ ಬಣ್ಣ, ಅವರಿಗೇ ಏನೂ ಕಾಣದು. ಕೊನೆಗೆ ಡಬ್ಬಿಗಳ ಶೆಲ್ಫಿನ ಹಿಂದೆ ಒಂದು ಉಬ್ಬು ಕೈಗೆ ಸಿಕ್ಕಿತು. ವಾಲ್ವೇ ಹೌದು. ಆದರೆ ಬಣ್ಣ ಅದನ್ನು ಗೋಡೆಗೆ ಮೆತ್ತಿಹಿಡಿದಿತ್ತು, ತಿರುಗಿಸುವ ಚಕ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಅಷ್ಟರಲ್ಲಿ ನೀರು ಹೊಸ್ತಿಲು ದಾಟಿತ್ತು.

"ನನ್ನ ಬಟ್ಟೆ!" ಟೈಲರಮ್ಮ ಓಡಿದರು. ತಬ್ಬಿಕೊಂಡಷ್ಟನ್ನು ಮಂಚಕ್ಕೆ ಹಾಕಿದರು, ಮತ್ತೆ ಓಡಿ ಬಂದರು. ಇತ್ತ ತಾಯಿ ಮಗನಿಗೆ ಬುದ್ಧಿ ಹೇಳುತ್ತಾ ಕೂರಲಿಲ್ಲ. ಎಪ್ಪತ್ತರ ಜೀವ ಬಾಗಿಲಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿತು, "ನೀರಕ್ಕಾ! ಬೇಗ ಬಾರೇ!"

ನೀರಕ್ಕ ಉದ್ದದ ಕೀಲಿ ಹಿಡಿದೇ ಬಂದರು. ಮನೆಯ ಮುಂದೆ ಮೀಟರ್ ಪಕ್ಕದ ಮುಚ್ಚಳ ತೆಗೆದು, ಒಳಗಿನ ವಾಲ್ವನ್ನು ಆ ಕೀಲಿಯಿಂದ ತಿರುಗಿಸಿ ನೀರು ನಿಲ್ಲಿಸಿದರು.

ಏಳು ಸಮವಸ್ತ್ರ ನೆನೆದು ತೊಪ್ಪೆಯಾಗಿದ್ದವು. ಟೈಲರಮ್ಮ ಒದ್ದೆ ನೆಲದಲ್ಲೇ ಕೂತು ಅತ್ತುಬಿಟ್ಟರು. ಹದಿನೈದು ದಿನ ನಿದ್ದೆಗೆಟ್ಟು ಹೊಲಿದದ್ದು. ಮೇಷ್ಟ್ರು ಪಕ್ಕದಲ್ಲೇ ಕೂತು ಒದ್ದೆ ಬಟ್ಟೆಗಳನ್ನು ಕೈಗೆತ್ತಿಕೊಂಡರು.

"ತಪ್ಪು ನಂದು ಕಣೆ. ಅಳಬೇಡ. ಒಗೆಯೋದು, ಒಣಗಿಸೋದು, ಇಸ್ತ್ರಿ ಮಾಡೋದು ಎಲ್ಲಾ ನನ್ನ ಕೆಲಸ," ಅಂದರು. ನೀರಕ್ಕನ ಕಡೆ ತಿರುಗಿ, "ಅಕ್ಕ, ಆ ವಾಲ್ವ್ ಬಿಡಿಸೋದು ಹೇಗೆ? ಸುತ್ತಿಗೆ ತರ್ಲಾ?" ಎಂದು ಕೇಳಿದರು.

"ಸುತ್ತಿಗೆ ತಂದ್ರೆ ಪೈಪೂ ಹೋಗುತ್ತೆ! ನಿಮ್ಮ ಗೋಡೆ ಕೆರೆಯೋ ಪಟ್ಟಿ ತನ್ನಿ."

ಮೇಷ್ಟ್ರು ತಾವು ಹೊಡೆದ ಬಣ್ಣವನ್ನು ತಾವೇ ಕೆರೆದರು. ಚಕ್ರದ ನಡುವಿನ ಕಡ್ಡಿಯ ಬುಡಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಕಾದರು. ಜೋರು ಮಾಡದೆ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಅಲುಗಿಸಿದರು. ಕಿರ್ರ್ ಎಂದು ವಾಲ್ವ್ ತಿರುಗಿತು.

ಅಡುಗೆಮನೆಗೆ ಹೊಸ ನಲ್ಲಿಯೇ ಬೇಕಾಯಿತು, ಅದನ್ನು ನೀರಕ್ಕ ಕೂರಿಸಿ, ಹೊರಗೆ ನಿಲ್ಲಿಸಿದ್ದ ನೀರನ್ನು ಮತ್ತೆ ಬಿಟ್ಟರು. ಬಚ್ಚಲಿನ ನಲ್ಲಿಯೂ ಸಣ್ಣಗೆ ಸೋರುತ್ತಿತ್ತು. "ಇದು ನಿನ್ನ ಪಾಲು, ಬಾ ಟೈಲರಮ್ಮ," ಅಂದರು.

"ನಾನಾ? ನನ್ ಕೈಲಾಗುತ್ತಾ?"

"ಸೂಜಿಗೆ ದಾರ ಪೋಣಿಸೋ ಕೈಗೆ ಇದೇನು ಮಹಾ? ಮೊದಲು ವಾಲ್ವ್ ಮುಚ್ಚು. ಗಡಿಯಾರದ ಮುಳ್ಳು ತಿರುಗೋ ಕಡೆಗೇ ತಿರುಗಿಸು. ಈಗ ನಲ್ಲಿ ಬಿಡು, ಪೈಪಲ್ಲಿ ಉಳಿದ ನೀರು ಹೋಗ್ಲಿ. ನೀರು ಹೋಗೋ ತೂತಿಗೊಂದು ಬಟ್ಟೆ ತುರುಕು, ಇಲ್ಲಾಂದ್ರೆ ಸಣ್ಣ ತಿರುಪೆಲ್ಲ ಚರಂಡಿ ಪಾಲು. ಸ್ಪ್ಯಾನರಿಂದ ತಲೆ ಬಿಚ್ಚು. ಕಾಣ್ತಾ ಕಪ್ಪು ರಬ್ಬರು? ಅದೇ ವಾಷರು. ಹೊಸದು ತರೋಕೆ ಹೋಗೋವಾಗ ಹಳೇದನ್ನೂ ಅಂಗಡಿಗೆ ತಗೊಂಡು ಹೋಗು, ಅಳತೆ ತಪ್ಪಲ್ಲ."

ಟೈಲರಮ್ಮ ಹಾಗೇ ಮಾಡಿದರು. ಹೊಸ ವಾಷರ್ ಕೂರಿಸಿ ನಲ್ಲಿ ಜೋಡಿಸಿದರು, ವಾಲ್ವ್ ನಿಧಾನಕ್ಕೆ ಬಿಟ್ಟರು. ಬಚ್ಚಲ ನಲ್ಲಿಯನ್ನು ಎರಡು ಬೆರಳಲ್ಲಿ ನಿಲ್ಲಿಸಿದರು. ಎಲ್ಲರೂ ನಲ್ಲಿಯನ್ನೇ ನೋಡುತ್ತಾ ಕಾದರು. ಒಂದು ಹನಿಯೂ ಬೀಳಲಿಲ್ಲ. ಟೈಲರಮ್ಮನ ಮುಖ ಅರಳಿತು. "ಇಷ್ಟೇನಾ ಅಕ್ಕ? ಮೂರು ತಿಂಗಳು ಇದಕ್ಕಾ ಒದ್ದಾಡಿದ್ದು?"

ಸೋಮವಾರ ನಲವತ್ತೂ ಸಮವಸ್ತ್ರ ಹೊತ್ತಿಗೆ ಸರಿಯಾಗಿ ಶಾಲೆ ಸೇರಿದವು. ಹೆಡ್‌ಮಿಸ್ ಹೊಲಿಗೆ ಮೆಚ್ಚಿದರು. ಇಸ್ತ್ರಿ ತುಂಬಾ ಚೆನ್ನಾಗಿದೆ ಅಂತಲೂ ಅಂದರಂತೆ. ಮೇಷ್ಟ್ರು ಅದನ್ನು ಇಂದಿಗೂ ಹೇಳಿಕೊಂಡು ತಿರುಗುತ್ತಾರೆ.

ಈಗ ಅವರ ಮನೆಯ ವಾಲ್ವಿನ ಚಕ್ರಕ್ಕೆ ಕೆಂಪು ಬಣ್ಣ. ಕಡ್ಡಿಗೆ ಮಾತ್ರ ಬಣ್ಣ ಇಲ್ಲ, ಎಣ್ಣೆ. ಎದುರಿಗೆ ಶೆಲ್ಫಿಲ್ಲ. ತಿಂಗಳಿಗೊಮ್ಮೆ ತಾಯಿಯೇ ಅದನ್ನು ಮುಚ್ಚಿ ತೆರೆದು, "ನನ್ನ ಡ್ಯೂಟಿ ಮುಗೀತು ಕಣೋ" ಅನ್ನುತ್ತಾರೆ. ಬೇರೆ ಮನೆಗೆ ಬಣ್ಣ ಹೊಡೆಯಲು ಹೋದಾಗ ಮೇಷ್ಟ್ರು ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಕೇಳುತ್ತಾರೆ, "ಅಮ್ಮಾ, ನಿಮ್ಮನೆ ವಾಲ್ವ್ ಎಲ್ಲಿದೆ?" ಎಷ್ಟೋ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ.

ನೀವು? ಈ ಹಾಳೆ ಕೆಳಗಿಟ್ಟು ಈಗಲೇ ಎದ್ದು ಹೋಗಿ. ನಿಮ್ಮ ಮನೆಯ ವಾಲ್ವ್ ಹುಡುಕಿ, ಮುಚ್ಚಿ ನೋಡಿ. ನಲ್ಲಿಯಲ್ಲಿ ನೀರು ನಿಂತಿತೇ? ಹಾಗಾದರೆ ಮನೆಯವರನ್ನೆಲ್ಲ ಕರೆದು ಒಬ್ಬೊಬ್ಬರ ಕೈಯಲ್ಲೂ ಒಮ್ಮೆ ತಿರುಗಿಸಿ. ಅಜ್ಜಿಯನ್ನು ಬಿಡಬೇಡಿ.