ಬೇಬಿಯ ಹರಾಜು

ಹೊನ್ನೂರಿನ ರೈಸ್ ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ಒಂದು ಹಳೆಯ ಕಾರಿತ್ತು. ಸಾವಿರದ ಒಂಬೈನೂರ ಐವತ್ತೆರಡರ ಬೇಬಿ ಹಿಂದೂಸ್ತಾನ್. ಮಾಸಲು ಹಸಿರು ಬಣ್ಣ. ತಿರುವಿನಲ್ಲಿ ಬಾಗಿಲ ಪಕ್ಕದಿಂದ ಗೇಣುದ್ದದ ಕೆಂಪು ಕೈಯೊಂದು ಹೊರಗೆ ಬಂದು ದಿಕ್ಕು ತೋರಿಸುತ್ತಿತ್ತು. ಮಿಲ್ಲಿನ ಮಾಲೀಕ ಶಿವಕುಮಾರಸ್ವಾಮಿ ಅದನ್ನು ಬೇಬಿ ಎಂದೇ ಕರೆಯುತ್ತಿದ್ದ. ಪ್ರತಿ ತಿಂಗಳ ಮೊದಲ ಸೋಮವಾರ ಕೊಳ್ಳೇಗಾಲದಿಂದ ಮೆಕ್ಯಾನಿಕ್ ಚಿಕ್ಕಸಿದ್ದಯ್ಯ ಬಂದು, ಹೊದಿಕೆ ಸರಿಸಿ, ನಿಂತಲ್ಲೇ ಅರ್ಧ ಗಂಟೆ ಎಂಜಿನ್ ಓಡಿಸಿ, ಮತ್ತೆ ಹೊದಿಸಿ ಹೋಗುತ್ತಿದ್ದ. ರಿಪೇರಿಯಾದ ಮೇಲಿನ ಹದಿಮೂರು ವರ್ಷದಲ್ಲಿ ಕಾರು ಮಿಲ್ಲಿನ ಗೇಟು ದಾಟಿದ್ದು ಎರಡೇ ಸಲ. ಓಡಿಸಿದಷ್ಟೂ ಇಂಥ ಕಾರಿನ ಬೆಲೆ ಇಳಿಯುತ್ತದೆಂದು ಯಾರೋ ಶಿವಕುಮಾರಸ್ವಾಮಿಯ ತಲೆಗೆ ತುಂಬಿದ್ದರು.

ಕಾರನ್ನು ತಂದವನು ಅವನ ತಾತ. ಚಿಕ್ಕಸಿದ್ದಯ್ಯನ ತಾಯಿ ಆ ಮನೆಯ ಗದ್ದೆಗೆ ನಾಟಿಗೆ ಹೋಗುತ್ತಿದ್ದಳು. ದೂರದಲ್ಲಿ ಅದರ ಸದ್ದು ಕೇಳಿದರೆ ಸಾಕು, ಹೆಂಗಸರೆಲ್ಲ ಸೊಂಟ ನೇರ ಮಾಡಿ, ಸೆರಗು ಸರಿಪಡಿಸಿಕೊಂಡು, ಕಾರು ದಾಟುವವರೆಗೆ ನಿಂತಿರುತ್ತಿದ್ದರಂತೆ. ತಾತ ತೀರಿದ ಮೇಲೆ ಅದು ಹುಲ್ಲಿನ ಕೊಟ್ಟಿಗೆ ಸೇರಿತು. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿತು. ಅದಕ್ಕೆ ಮರುಜೀವ ಕೊಟ್ಟವನು ಚಿಕ್ಕಸಿದ್ದಯ್ಯ. ಹದಿನಾಲ್ಕು ತಿಂಗಳು ದುಡಿದಿದ್ದ. ತುಕ್ಕು ತಿಂದ ಬಾಗಿಲುಗಳನ್ನು ತಗಡು ಬಡಿದು ಹೊಸದಾಗಿ ಮಾಡಿದ. ಗೇರ್ ಬಾಕ್ಸ್ ಮಾತ್ರ ಪೂರ್ತಿ ಸವೆದು ಹೋಗಿತ್ತು. ಕೊಯಮತ್ತೂರಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದರೂ ಅದೇ ಬಗೆಯದು ಸಿಗದೆ, ಕೊನೆಗೆ ಹಳೆಯ ಅಂಬಾಸಡರಿನದನ್ನು ತಂದು ಕೂರಿಸಿದ.

ಆ ಹೊತ್ತಿಗೆ ಹಳೆಯ ಕಾರುಗಳಿಗೆ ಎಲ್ಲಿಲ್ಲದ ಬೇಡಿಕೆ. ಚೆನ್ನೈಯವನೊಬ್ಬ ಮಿಲ್ಲಿಗೇ ಬಂದು ಒಂಬತ್ತು ಲಕ್ಷ ಕೊಡುತ್ತೇನೆಂದ. ಶಿವಕುಮಾರಸ್ವಾಮಿ ಒಪ್ಪಲಿಲ್ಲ. ಇನ್ನೈದು ವರ್ಷ ಕಾದರೆ ಹದಿನೈದಾಗುತ್ತದೆಂಬ ಲೆಕ್ಕ ಅವನದು. ಐದು ವರ್ಷ ಕಳೆಯಿತು, ಹತ್ತೂ ಕಳೆಯಿತು. ಬೇರೆ ಬೇರೆ ಊರುಗಳ ಹರಾಜುಗಳಲ್ಲಿ ಇಂಥದೇ ಕಾರುಗಳು ಏಳಕ್ಕೆ, ಆಮೇಲೆ ಐದಕ್ಕೆ, ಆಮೇಲೆ ನಾಲ್ಕಕ್ಕೆ ಹೋಗುವುದನ್ನು ಅವನು ಫೋನಿನಲ್ಲಿ ನೋಡುತ್ತಲೇ ಇದ್ದ.

ಈ ಫೆಬ್ರವರಿಯ ಮೊದಲ ಸೋಮವಾರ ಚಿಕ್ಕಸಿದ್ದಯ್ಯ ಎಂದಿನಂತೆ ಹೊದಿಕೆ ಸರಿಸುವಾಗ ಶಿವಕುಮಾರಸ್ವಾಮಿ ಬಂದು ನಿಂತ.

"ಬೇಬಿನ ಕೊಟ್ಬುಡ್ತೀನಿ ಕಣಯ್ಯ. ಫೋನಲ್ಲೇ ಅರಾಜಾಕ್ತಾರಲ್ಲ, ಅದರಲ್ಲಿ ಆಕಿದೀನಿ. ಹತ್ತು ದಿನ ಇರ್ತದ. ನೋಡಕೆ ಯಾರಾದ್ರೂ ಬಂದ್ರೆ ನೀನೇ ತೋರ್ಸು."

"ಆಗ್ಲಿ ಸಾ," ಎಂದ ಚಿಕ್ಕಸಿದ್ದಯ್ಯ. ಅಂದು ಎಂಜಿನ್ನನ್ನು ಮುಕ್ಕಾಲು ಗಂಟೆ ಓಡಿಸಿದ.

ನೋಡಲು ಬಂದವನು ಒಬ್ಬನೇ. ಮೈಸೂರಿನ ದೇವರಾಜು. ಹಳೆಯ ಕಾರು ಕೂಡಿಡುವ ಶ್ರೀಮಂತರ ಪರವಾಗಿ ಊರೂರು ತಿರುಗಿ ಪರೀಕ್ಷಿಸುವುದು ಅವನ ಕೆಲಸ. ಮೊಣಕಾಲೂರಿ ಕೆಳಗೆ ಟಾರ್ಚ್ ಬಿಟ್ಟ. ಬಾನೆಟ್ ಎತ್ತಿ ನಂಬರು ಓದಿದ. ಶಿವಕುಮಾರಸ್ವಾಮಿ ಕುರ್ಚಿ ಹಾಕಿಸಿಕೊಂಡು ಎಳನೀರು ಕುಡಿಯುತ್ತ ಕೂತಿದ್ದ.

"ಎಲ್ಲ ಒರಿಜಿನಲ್ ಅಂತ ಬರೆದಿದೀರಿ. ರಿಪೇರಿ ಮಾಡಿದವರು ಯಾರು?"

"ನಾನೇ ಸಾ."

"ಹಾಗಾದ್ರೆ ನೀವೇ ಹೇಳಿ. ಎಂಜಿನ್ನು, ಗೇರ್ ಬಾಕ್ಸು, ಎಲ್ಲ ಇದರದ್ದೇನಾ?"

ಚಿಕ್ಕಸಿದ್ದಯ್ಯ ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒರೆಸಿಕೊಂಡ. ಶಿವಕುಮಾರಸ್ವಾಮಿ ಎಳನೀರಿನ ಕೊಳವೆ ಬಾಯಲ್ಲಿಟ್ಟುಕೊಂಡೇ ಅವನನ್ನು ನೋಡುತ್ತಿದ್ದ.

"ಎಂಜಿನ್ನು ಇದುರ್ದೇ ಸಾ. ಗೇರ್ ಬಾಕ್ಸ್ ಅಂಬಾಸಡರ್‌ದು. ಸಿಕ್ನಿಲ್ಲ, ಅದ್ಕೇ ಆಕ್ದೆ."

ದೇವರಾಜು ಬರೆದುಕೊಂಡ. ಹೊರಡುವಾಗ ಶಿವಕುಮಾರಸ್ವಾಮಿಗೆ ಸಮಾಧಾನದ ಮಾತಾಡಿದ. "ಗೇರ್ ಬಾಕ್ಸ್ ಒಂದೇ ಅಲ್ಲ ಸಾರ್. ಇದನ್ನ ಆಸೆಪಟ್ಟು ಕೊಳ್ತಿದ್ದವರು ಚಿಕ್ಕಂದಿನಲ್ಲಿ ಇದನ್ನ ಬೀದೀಲಿ ನೋಡಿದ್ದವರು. ಅವರಿಗೆಲ್ಲ ಎಂಬತ್ತು ದಾಟಿತು. ಈಗ ಅವರ ಮನೆ ಕಾರುಗಳೇ ಹರಾಜಿಗೆ ಬರ್ತಿವೆ. ಇವತ್ತಿನ ದುಡ್ಡಿನವರು ಹುಡುಗರಾಗಿದ್ದಾಗ ಕಂಡಿದ್ದು ಜಿಪ್ಸಿ ಜೀಪು, ಯಮಹಾ ಬೈಕು. ಅವಕ್ಕೇ ಈಗ ರೇಟು. ನಮ್ಮ ಪಾರ್ಟಿಗೆ ಇದು ಬೇಡ ಅಂತೀನಿ, ಬೇಜಾರು ಮಾಡ್ಕೋಬೇಡಿ."

ಅವನ ಕಾರು ಗೇಟು ದಾಟಿದ ಮೇಲೆ ಶಿವಕುಮಾರಸ್ವಾಮಿ ಎಳನೀರಿನ ಬುರುಡೆಯನ್ನು ದೂರ ಎಸೆದ. "ಯಾರಯ್ಯ ನಿನ್ನ ಕೇಳಿದ್ದು?"

"ಅವರೇ ಕೇಳುದ್ರಲ್ಲ ಸಾ."

ಶಿವಕುಮಾರಸ್ವಾಮಿ ಒಳಗೆ ಹೋದ. ಚಿಕ್ಕಸಿದ್ದಯ್ಯ ಕಾರಿಗೆ ಹೊದಿಸಿ, ಯಳಂದೂರಿಗೆ ಆಟೋ ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಊರಿಗೆ ಬಂದ. ಹದಿಮೂರು ವರ್ಷದ ವಿಶ್ವಾಸ ಹೋಯಿತಲ್ಲ ಎಂಬ ಬೇಸರವಿತ್ತು. ಹೇಳಿದ್ದು ತಪ್ಪೆಂದು ಮಾತ್ರ ಅನಿಸಲಿಲ್ಲ.

ಅವನ ಹೆಂಡತಿ ಚಿಕ್ಕನಿಂಗಮ್ಮ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುವವಳು. ಮಡಿಲಲ್ಲಿ ನೇರಳೆ ಸೀರೆಯ ಸೆರಗು ಹರಡಿಕೊಂಡು, ಗಂಡ ಹೇಳಿದ್ದನ್ನೆಲ್ಲ ತಲೆಯೆತ್ತದೆ ಕೇಳಿದಳು. ಆಮೇಲೆ ದಾರ ಕಡಿದು ಕೇಳಿದಳು: "ಈಗ ಎಷ್ಟಕ್ಕೆ ಓಗ್ಬೋದು?"

"ಮೂರು ಬಂದ್ರೆ ಎಚ್ಚು."

"ಗ್ಯಾರೇಜ್ಗೆ ಕಾರೆತ್ತ ಲಿಫ್ಟ್ ಆಕುಸ್ಬೇಕು ಅಂತ ಇಟ್ಟಿರ ದುಡ್ಡು ಅಷ್ಟೇ ಅಲ್ವಾ? ನಾವೇ ತಕಳಮಾ?"

ಆ ಕಾರಿನ ಒಂದೊಂದು ಬೋಲ್ಟನ್ನೂ ತಾನೇ ಬಿಗಿದಿದ್ದರೂ, ಅದು ತನ್ನದಾಗಬಹುದೆಂದು ಚಿಕ್ಕಸಿದ್ದಯ್ಯ ಒಂದು ದಿನವೂ ನೆನೆಸಿರಲಿಲ್ಲ. ಒಂಬತ್ತು ಲಕ್ಷದ ವಸ್ತುವಿನ ಬಗ್ಗೆ ಹಾಗೆ ನೆನೆಸುವುದಾದರೂ ಹೇಗೆ?

"ಏಯ್, ಸುಮ್ನಿರು. ಬೆಲೆ ಇಳ್ಸಿ ತಾನೇ ಒಡ್ಕಂಡ ಅಂತಾರ ಜನ."

"ನೀನು ಸುಳ್ಳೇಳಿದ್ದೀಯಾ?"

"ಇಲ್ಲ."

"ಅಂಗಾದ್ರೆ ಓಗಿ ಅವರ ಮುಂದೆ ನಿಂತ್ಕಂಡೇ ಏಳು. ನನಗೂ ಬೇಕು ಅಂತ. ಕದ್ದು ಮುಚ್ಚಿ ಮಾಡದೇನದ ಇದರಲ್ಲಿ?"

ಮರುದಿನ ಬೆಳಿಗ್ಗೆ ಅವನು ಮತ್ತೆ ಹೊನ್ನೂರಿಗೆ ಹೋದ. ಶಿವಕುಮಾರಸ್ವಾಮಿ ಜಗಲಿಯ ಮೇಲೆ ಪೇಪರು ಓದುತ್ತಿದ್ದ. ಕೂರು ಎನ್ನಲಿಲ್ಲ. ಚಿಕ್ಕಸಿದ್ದಯ್ಯ ಕಂಬದ ಪಕ್ಕ ನಿಂತೇ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಹೇಳಿದ.

"ಸಾ, ಆ ಕಾರ್ಗೆ ನಾನೂ ಕೂಗ್ಬೇಕು ಅಂತಿದೀನಿ. ನಿನ್ನೆ ಅವರ್ಗೆ ಏಳುವಾಗ ಆ ಯೋಚ್ನೆ ಇರ್ನಿಲ್ಲ. ಮನೇಗೋದ್ ಮೇಲೆ ಬಂತು. ಬ್ಯಾಡ ಅಂದ್ರೆ ಬುಟ್ಬುಡ್ತೀನಿ."

ಶಿವಕುಮಾರಸ್ವಾಮಿ ಪೇಪರು ಕೆಳಗಿಟ್ಟ. "ನೀನಾ?"

"ಊಂ ಸಾ. ನಾನೇ."

ಚಿಕ್ಕಸಿದ್ದಯ್ಯ ಹೊರಡಬೇಕೋ ನಿಲ್ಲಬೇಕೋ ತಿಳಿಯದೆ ಚಪ್ಪಲಿಯತ್ತ ನೋಡಿದ.

"ಕೂತ್ಕೊ," ಎಂದ ಶಿವಕುಮಾರಸ್ವಾಮಿ. "ರಾತ್ರಿಯೆಲ್ಲ ನಿನ್ನ ಬಯ್ಕಂಡೆ. ಸುಳ್ಳು ಬರ್ದಿದ್ದು ನಾನು ತಾನೇ? ಗೇರ್ ಬಾಕ್ಸಿನ ಫೋಟೊ ತಗಿ, ಅದನ್ನೂ ಆಕ್ತೀನಿ. ಎಲ್ಲಾರ್ಗೂ ಗೊತ್ತಾಗ್ಲಿ. ಆಮೇಕೆ ಯಾರು ಜಾಸ್ತಿ ಕೂಗ್ತಾರೊ ಅವರ್ಗೆ. ನಿಂಗೆ ಅಂತ ಕಮ್ಮಿ ಮಾಡಲ್ಲ."

"ಮಾಡ್ಬ್ಯಾಡಿ ಸಾ. ನಂಗೂ ಅದೇ ಬೇಕು."

ಹರಾಜು ಮುಗಿಯುವುದು ಗುರುವಾರ ಸಂಜೆ ಐದಕ್ಕೆ. ಮಗಳು ರೂಪ ಯಳಂದೂರಿನ ಕೋರ್ಟಿನಲ್ಲಿ ಟೈಪಿಸ್ಟು. ಅರ್ಧ ದಿನ ರಜೆ ಹಾಕಿ ಬಂದು, ಗ್ಯಾರೇಜಿನ ಬೆಂಚಿನ ಮೇಲೆ ಅಪ್ಪ ಅಮ್ಮನ ನಡುವೆ ಫೋನು ಹಿಡಿದು ಕೂತಳು. ನಾಲ್ಕೂವರೆವರೆಗೆ ಎರಡು ಲಕ್ಷ ಅರವತ್ತು ಸಾವಿರ, ಅದೂ ಇವರದೇ. ಐದಕ್ಕೆ ಒಂದೇ ನಿಮಿಷವಿರುವಾಗ ಕೊಯಮತ್ತೂರಿನವರೊಬ್ಬರು ಎಪ್ಪತ್ತು ಕೂಗಿದರು. ರೂಪ ಎಂಬತ್ತು ಒತ್ತಿದಳು. ಅವರು ತೊಂಬತ್ತು. ಒಬ್ಬರು ಕೂಗಿದಾಗಲೆಲ್ಲ ಉಳಿದ ಸಮಯ ಮತ್ತೆ ಎರಡು ನಿಮಿಷವಾಗುತ್ತಿತ್ತು.

"ಸಾಕು ಬುಡವ್ವ," ಎಂದು ಚಿಕ್ಕಸಿದ್ದಯ್ಯ ಎದ್ದು ನಿಂತ. "ನಮ್ದಲ್ಲ ಅದು."

"ಮೂರು ಅಂತ ಒತ್ತು," ಎಂದಳು ಚಿಕ್ಕನಿಂಗಮ್ಮ.

ರೂಪ ಒತ್ತಿದಳು. ಮೂವರೂ ಫೋನಿನ ಮೇಲೆ ಬಾಗಿದರು. ಒಂದು ನಿಮಿಷ ನಲವತ್ತು ಸೆಕೆಂಡು. ಒಂದು ನಿಮಿಷ. ಪಕ್ಕದ ಪಂಕ್ಚರ್ ಅಂಗಡಿಯ ಸ್ವಾಮಿ ಏನೋ ಕೇಳಲು ಬಂದವನು ಇವರ ಮುಖ ನೋಡಿ ಬಾಗಿಲಲ್ಲೇ ನಿಂತ. ಗಡಿಯಾರ ಸೊನ್ನೆಗೆ ಬಂತು. ತೆರೆಯ ಮೇಲೆ ಹಸಿರು ಅಕ್ಷರ ಮೂಡಿತು.

"ಅಪ್ಪಾ, ನಮಗೇ ಆಯ್ತು!"

ಚಿಕ್ಕಸಿದ್ದಯ್ಯ ಮತ್ತೆ ಬೆಂಚಿನ ಮೇಲೆ ಕೂತುಬಿಟ್ಟ. ಹೆಂಡತಿ ಸೆರಗಿನಿಂದ ಅವನ ಹಣೆ ಒರೆಸಿದಳು. ಅಷ್ಟರಲ್ಲಿ ಶಿವಕುಮಾರಸ್ವಾಮಿಯ ಫೋನು.

"ಬೇಜಾರಾ ಸಾ?" ಎಂದ ಚಿಕ್ಕಸಿದ್ದಯ್ಯ.

"ಆಗ್ಬೇಕಿತ್ತು. ಆಯ್ತಾ ಇಲ್ಲ ನೋಡು. ದಿನಾ ಎದ್ದೇಟ್ಗೆ ಫೋನಲ್ಲಿ ಅದರ ರೇಟ್ ನೋಡದೇ ಕೆಲ್ಸ ಆಗಿತ್ತು. ನಾಳೆಯಿಂದ ಆ ತಾಪತ್ರಯ ಇಲ್ಲ." ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದ: "ಒಂದ್ ಮಾತು. ಭಾನುವಾರ ಕೊಳ್ಳೇಗಾಲಗಂಟ ನಾನೇ ಓಡಿಸ್ಕಂಡು ಬರ್ಲಾ?"

ಭಾನುವಾರ ಬೆಳಿಗ್ಗೆ ಶಿವಕುಮಾರಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಸ್ಟೀರಿಂಗ್ ಹಿಡಿದ. ಚಿಕ್ಕಸಿದ್ದಯ್ಯ ಪಕ್ಕದಲ್ಲಿ ಕೂತ. ಮೊದಲ ಎರಡು ಮೈಲಿ ಕಾರಿಗಿಂತ ಹೆಚ್ಚು ನಡುಗಿದವನು ಶಿವಕುಮಾರಸ್ವಾಮಿ. ಕಬ್ಬಿನ ಗದ್ದೆಗಳ ನಡುವೆ ಗೇರು ಸರಿಯಾಗಿ ಕೂರಿಸಲು ಕಲಿತ ಮೇಲೆ ಅವನಿಗೆ ಮಾತು ಬಂತು. ಯಳಂದೂರಿನ ಸರ್ಕಲ್ಲಿನಲ್ಲಿ ಕೆಂಪು ಕೈ ಹೊರಬಂದು ದಿಕ್ಕು ತೋರಿಸಿದಾಗ ಬಸ್ಸಿಗೆ ಕಾದಿದ್ದ ಹೆಂಗಸರು ನಕ್ಕರು. ಶಿವಕುಮಾರಸ್ವಾಮಿಗೆ ಎಷ್ಟು ಖುಷಿಯಾಯಿತೆಂದರೆ ಸರ್ಕಲ್ಲನ್ನು ಇನ್ನೊಂದು ಸುತ್ತು ಹಾಕಿದ.

"ಇದನ್ನ ಹದಿಮೂರು ವರ್ಷ ಹೊದ್ಸಿ ಮಲುಗ್ಸಿದ್ನಲ್ಲಯ್ಯ," ಎಂದ.

ಚಿಕ್ಕಸಿದ್ದಯ್ಯ ಕಿಟಕಿಯಾಚೆ ಬಯಲು ನೋಡುತ್ತಿದ್ದ. ಬೇಸಿಗೆ ಭತ್ತದ ಕಳೆ ಕೀಳುತ್ತಿದ್ದ ನಾಲ್ಕಾರು ಹೆಂಗಸರು ಕಾರಿನತ್ತ ಒಮ್ಮೆ ನೋಡಿ, ಎದ್ದು ನಿಲ್ಲದೆ ತಮ್ಮ ಮಾತು ಮುಂದುವರಿಸಿದರು. ಅವನಿಗೆ ಅದು ಹಿತವೆನಿಸಿತು.

ಕೊಳ್ಳೇಗಾಲದ ಮನೆಯಲ್ಲಿ ಶಿವಕುಮಾರಸ್ವಾಮಿ ಒಳಗೆ ಬಂದು ಚಾಪೆಯ ಮೇಲೆ ಕೂತು ಕಾಫಿ ಕುಡಿದ. ಹದಿಮೂರು ವರ್ಷದಲ್ಲಿ ಅವನು ಆ ಹೊಸಿಲು ದಾಟಿದ್ದು ಅದೇ ಮೊದಲು. ಕೀಲಿಯನ್ನು ಚಿಕ್ಕನಿಂಗಮ್ಮನ ಕೈಗೆ ಕೊಟ್ಟು, ಕಾರಿನಲ್ಲಿ ಬಿಟ್ಟು ಬರುತ್ತೇನೆಂದು ಚಿಕ್ಕಸಿದ್ದಯ್ಯ ಅಂದರೂ ಕೇಳದೆ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಊರಿಗೆ ಹೋದ.

ಮಾರ್ಚಿನಲ್ಲಿ ಚಿಕ್ಕಸಿದ್ದಯ್ಯ ಗ್ಯಾರೇಜಿಗೆ ಬೀಗ ಹಾಕಿ ಹೆಂಡತಿಯನ್ನು ತಮಿಳುನಾಡಿನ ಗಡಿಯ ಗೋಪಿನಾಥಂಗೆ ಕರೆದುಕೊಂಡು ಹೊರಟ. ಅವಳ ಅಕ್ಕ ಅಲ್ಲಿದ್ದಳು. ಬಸ್ಸು ಅಪರೂಪವಾದ್ದರಿಂದ ಅಕ್ಕತಂಗಿಯರು ಮುಖ ನೋಡಿ ಮೂರು ವರ್ಷವಾಗಿತ್ತು. ಹನೂರಿನಲ್ಲಿ ಇಡ್ಲಿ ತಿಂದರು. ಬೆಟ್ಟದ ತಿರುವುಗಳಲ್ಲಿ ಕಾರು ಎರಡು ಸಲ ಬಿಸಿಯೇರಿ ನಿಂತಿತು. ಎರಡು ಸಲವೂ ಮರದ ನೆರಳಲ್ಲಿ ಕೂತು, ನೀರು ಹಾಕಿ, ಹುಣಸೆಹಣ್ಣು ಚೀಪುತ್ತ ಕಾದರು. ಚಿಕ್ಕನಿಂಗಮ್ಮ ಮದುವೆಯಾದ ಹೊಸತಿನ ಸಂಗತಿಗಳನ್ನೆಲ್ಲ ತೆಗೆದು ಮಾತಾಡಿದಳು.

ಮಧ್ಯಾಹ್ನ ಊರು ಮುಟ್ಟಿದಾಗ ಅಕ್ಕನ ಗಂಡ ಮುತ್ತಯ್ಯ ಬಲೆ ಒಣಗಹಾಕುತ್ತಿದ್ದವನು ಹಾಗೇ ಓಡಿ ಬಂದ. "ಅಯ್ಯೋ ಸಾಮಿ, ಎನ್ನ ವಂಡಿ ಇದು!" ಎಂದು ತಮಿಳಿನಲ್ಲಿ, ಇದೆಂಥ ಗಾಡಿಯೆಂದು ಬೆರಗಾಗಿ, ಸುತ್ತು ಹಾಕಿದ. ಅಕ್ಕ ತಂಗಿಯನ್ನು ಬಾಗಿಲಿಂದ ಇಳಿಯಲೂ ಬಿಡದೆ, ತಾನೇ ಒಳಗೆ ಹತ್ತಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ಸಂಜೆಯೊಳಗೆ ಬೀದಿಯ ಅರ್ಧ ಜನ ಸರದಿಯಲ್ಲಿ ಒಂದೊಂದು ಸುತ್ತು ಹೋಗಿ ಬಂದರು. ಮುತ್ತಯ್ಯ ಹೊಳೆಯಿಂದ ದೊಡ್ಡ ಮೀನು ತಂದ. ಎರಡು ದಿನಕ್ಕೆಂದು ಬಂದಿದ್ದವರು ನಾಲ್ಕು ದಿನ ಉಳಿದರು.