ರವದಿಗೆ ಹಚ್ಚಿದ ಬೆಂಕಿ

ಕಬ್ಬು ಕಡಿದು ಲಾರಿಗೆ ಹೇರಿ ಕಳಿಸಿದ ಮೇಲೆ ಹೊಲದಲ್ಲಿ ಉಳಿಯುವುದು ರವದಿ. ಮೊಣಕಾಲೆತ್ತರ ಬಿದ್ದ ಒಣ ಗರಿ, ಒಣ ಎಲೆ. ಕಲಘಟಗಿ ತಾಲ್ಲೂಕಿನ ತಂಬೂರ ಸುತ್ತಮುತ್ತ ಪ್ರತಿ ವರ್ಷ ಫೆಬ್ರವರಿ ಬಂತೆಂದರೆ ರೈತರಿಗೆ ಇದೇ ತಲೆನೋವು. ತೆಗೆಯಬೇಕೆಂದರೆ ಆಳು ಸಿಗುವುದಿಲ್ಲ. ಹಾಗೇ ಬಿಟ್ಟರೆ ಇಲಿ ಸೇರುತ್ತವೆ, ಇಲಿ ಹುಡುಕಿಕೊಂಡು ಹಾವು ಬರುತ್ತವೆ. ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬಿಗೆ ನೀರು ಹಾಯಿಸಲು ಆಗುವುದಿಲ್ಲ. ಹಾಗಾಗಿ ಬಹಳ ಜನ ಮಾಡುವುದು ಒಂದೇ ಕೆಲಸ. ಕಡ್ಡಿ ಗೀರಿ ಬೆಂಕಿ ಹಚ್ಚುತ್ತಾರೆ.

ಶಂಭುಲಿಂಗಪ್ಪನೂ ಹಾಗೇ ಮಾಡುತ್ತಿದ್ದ. ನಾಲ್ಕು ಎಕರೆ ಕಬ್ಬು, ಅರವತ್ತೆರಡು ವರ್ಷ ವಯಸ್ಸು, ಯಾರ ಮಾತಿಗೂ ಬಗ್ಗದ ಮನುಷ್ಯ. ಅವನ ಹೊಲದ ಬಾಜುವಿನಲ್ಲೇ ಖಾಜಾಸಾಬನ ಹೊಲ. ಖಾಜಾಸಾಬನ ಹೆಂಡತಿ ಮೈಮುನಬಿ ಸ್ವಸಹಾಯ ಸಂಘದ ಕೃಷಿ ಸಖಿ. ತರಬೇತಿಯಲ್ಲಿ ಕಲಿತದ್ದನ್ನು ಮೊದಲು ತನ್ನ ಹೊಲದಲ್ಲಿ ಮಾಡಿ ನೋಡಿ, ಆಮೇಲೆ ಊರಿಗೆ ಹೇಳುವವಳು.

ಹೋದ ವರ್ಷ ಫೆಬ್ರವರಿಯ ಒಂದು ಶುಕ್ರವಾರ ಸಂಜೆ ಮೈಮುನಬಿ ಶಂಭುಲಿಂಗಪ್ಪನ ಮನೆಗೆ ಬಂದಳು. ಅವನ ಹೆಂಡತಿ ಸಾವಿತ್ರೆವ್ವ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು.

“ಕಾಕಾ, ಈ ಸಲ ರವದಿ ಸುಡಬ್ಯಾಡ್ರಿ,” ಎಂದಳು ಮೈಮುನಬಿ. “ಬಾಡಿಗಿ ಕೇಂದ್ರದಾಗ ರವದಿ ಪುಡಿ ಮಾಡೂ ಯಂತ್ರ ಬಂದೈತಿ. ಬುಧವಾರ ನಮ್ಮ ಹೊಲಕ್ಕ ಬರತೈತಿ. ಅವತ್ತ ನಿಮ್ಮ ಹೊಲದಾಗೂ ಹಾಯಿಸಿ ಕಳಸೂಣು.”

“ಬುಧವಾರದ ತನಕ ಯಾರ ಕಾಯಬೇಕಬೇ? ನಮ್ಮಪ್ಪ ಸುಟ್ಟಾನ, ನಾನೂ ಸುಟ್ಟೇನಿ. ಏನ ಆಗೈತಿ?”

“ಹೋದ ವರ್ಷ ಎಂಟು ದಿನಾ ಊರ ಸುತ್ತ ಹೊಗಿ ನಿಂತಿದ್ದು ಮರತ್ರೇನು? ಥಂಡಿ ಇದ್ದಾಗ ಹೊಗಿ ಮ್ಯಾಲ ಏರೂದಿಲ್ರಿ, ತಳದಾಗ ಕುಂದರತೈತಿ. ಕಡಲಿ ಎಲಿ ಮ್ಯಾಲ ಕರಿ ಧೂಳ ಬಿದ್ದಿತ್ತು. ಎಲಿ ಅನ್ನೂದು ಗಿಡದ ಅಡಗಿಮನಿ. ಅಲ್ಲಿಗೆ ಬಿಸಲ ಬೀಳಲಿಲ್ಲಂದ್ರ ಗಿಡಾ ಏನ ಉಣ್ಣಬೇಕು? ಕಾಯಿ ಜೊಳ್ಳಾಗೂದಕ್ಕ ಅದೂ ಒಂದ ಕಾರಣರಿ.”

ಶಂಭುಲಿಂಗಪ್ಪ ನಕ್ಕುಬಿಟ್ಟ. “ದಿನಾ ಸಾವಿರ ಲಾರಿ ಓಡತಾವ, ಕಾರ್ಖಾನಿ ಹೊಗಿ ಬಿಡತಾವ. ಅವ್ರಿಗೆ ಹೇಳ ಹೋಗು. ನಂದೊಂದ ಹೊಲದ ಹೊಗಿಯಿಂದ ಜಗತ್ತ ಹಾಳಾಗತೈತೇನು?”

“ಅದೂ ಖರೇನರಿ. ಆದ್ರ ಲಾರಿ ನಮ್ಮ ಕೈಯಾಗಿಲ್ಲ, ಕಡ್ಡಿಪೆಟ್ಟಿಗಿ ನಮ್ಮ ಕೈಯಾಗೈತಿ. ಎಲ್ಲಾರೂ ನಂದೊಂದ ಹೊಲ, ನಂದೊಂದ ಹೊಲ ಅಂತಾರ. ಇಲ್ಲಿಂದ ಕಲಘಟಗಿ ತನಕ ಎಷ್ಟ ಹೊಲ ಅದಾವ ಎಣಿಸಿ ನೋಡ್ರಿ.”

“ಆತು ಆತು, ನೋಡೂಣು,” ಎಂದು ಶಂಭುಲಿಂಗಪ್ಪ ಎದ್ದು ಒಳಗೆ ಹೋದ. ಅವನು ನೋಡುವವನಲ್ಲ ಎಂದು ಸಾವಿತ್ರೆವ್ವನಿಗೆ ಗೊತ್ತಿತ್ತು. ಅವಳು ಮತ್ತೆ ಜೋಳಕ್ಕೆ ಕೈ ಹಾಕಿದಳು.

ಮರುದಿನ ಹನ್ನೊಂದು ಗಂಟೆಗೆ ಶಂಭುಲಿಂಗಪ್ಪ ಹೊಲದ ಮೂಡಣ ಬದಿಗೆ ಬೆಂಕಿ ಹಚ್ಚಿದ. ಗಾಳಿ ಇರಲಿಲ್ಲ. ಬೆಂಕಿ ಮೆಲ್ಲಗೆ ಚಟಪಟ ಅನ್ನುತ್ತ ಸಾಗಿತು. ಬುತ್ತಿ ತಂದ ಸಾವಿತ್ರೆವ್ವ ದೂರದಲ್ಲೇ ನಿಂತಳು. ಮುಕ್ಕಾಲು ತಾಸು ಕಳೆದ ಮೇಲೆ ಗಾಳಿ ಎದ್ದಿತು. ಮೊದಲು ಒಂದು ಸುಳಿ ಬಂದು ಬೂದಿ ಎತ್ತಿ ಹಾಕಿತು. ಆಮೇಲೆ ಬಿಡದೆ ಒಂದೇ ಸಮನೆ ಬೀಸತೊಡಗಿತು. ಬೆಂಕಿ ಆಳೆತ್ತರ ಎದ್ದು ಪಡುವಣ ದಿಕ್ಕಿಗೆ ಓಡಿತು. ಒಡ್ಡಿನ ಮೇಲಿನ ಒಣ ಹುಲ್ಲು ಹಿಡಿಯಿತು, ಹುಲ್ಲಿನಿಂದ ಬೇವಿನ ಮರ ಹಿಡಿಯಿತು. ಹಸಿ ಎಲೆ ಸುಡುವ ದಟ್ಟ ಬಿಳಿ ಹೊಗೆ ಒಡ್ಡಿನಾಚೆಯ ಬಂಡಿದಾರಿಯನ್ನು ಪೂರ್ತಿ ಮುಚ್ಚಿತು.

ಶಂಭುಲಿಂಗಪ್ಪ ಹಸಿ ಟೊಂಗೆ ಹಿಡಿದು ಬೆಂಕಿ ಬಡಿಯಲು ಓಡಿದ. ಆಗ ಸಾವಿತ್ರೆವ್ವ ಕೂಗಿದಳು.

“ಅಯ್ಯ, ಇವತ್ತ ಶನಿವಾರ ಅಲ್ರಿ!”

ಅವನು ತಿರುಗಿ ನೋಡಿದ. ಶನಿವಾರ ಮುಂಜಾನೆ ಶಾಲೆ. ಹನ್ನೊಂದೂವರೆಗೆ ಬಿಡುತ್ತದೆ. ಮೊಮ್ಮಗಳು ಅಮೃತಾ, ನಾಲ್ಕನೇ ತರಗತಿಯ ಹುಡುಗಿ, ಶನಿವಾರಗಳಂದು ಮನೆಗೆ ಹೋಗದೆ ಬಂಡಿದಾರಿ ಹಿಡಿದು ನೇರವಾಗಿ ಹೊಲಕ್ಕೇ ಬರುತ್ತಾಳೆ.

“ಅಮೃತಾ! ಲೇ ಅಮೃತಾ!”

ಹೊಗೆಯೊಳಗಿಂದ ಒಂದು ಸಣ್ಣ ಧ್ವನಿ ಬಂತು. “ಅಜ್ಜಾ...” ಆಮೇಲೆ ಕೆಮ್ಮು. ಬಿಡುವಿಲ್ಲದ ಕೆಮ್ಮು. ಆಮೇಲೆ ಅದೂ ನಿಂತಿತು.

ಶಂಭುಲಿಂಗಪ್ಪ ಹೊಗೆಗೆ ನುಗ್ಗಿದ. ಕಣ್ಣು ಬಿಡಲಾಗಲಿಲ್ಲ. ತನ್ನ ಕೈಯೇ ತನಗೆ ಕಾಣಲಿಲ್ಲ. ಐವತ್ತು ವರ್ಷ ಓಡಾಡಿದ ದಾರಿ, ಎಡ ಯಾವುದು ಬಲ ಯಾವುದು ತಿಳಿಯಲಿಲ್ಲ. ಬಾಯಿ ತೆರೆದು ಕೂಗಿದರೆ ಗಂಟಲಿಗೆ ಕೆಂಡ ಸುರಿದಂತಾಯಿತು. ಹತ್ತು ಹೆಜ್ಜೆ ಹೋಗಿ ಮುಗ್ಗರಿಸಿ ಬಿದ್ದ. ಎದ್ದ, ಮತ್ತೆ ಬಿದ್ದ. ಕಡೆಗೆ ಅವನು ಕೆಮ್ಮುತ್ತ ತೆವಳಿ ಹೊರಗೆ ಬಂದಾಗ ಮೊದಲು ನುಗ್ಗಿದ ಜಾಗದಲ್ಲೇ ಇದ್ದ. ಸಾವಿತ್ರೆವ್ವ ಎದೆ ಬಡಿದುಕೊಳ್ಳುತ್ತ ಅವನ ಅಂಗಿ ಹಿಡಿದು ಕೇಳಿದಳು, “ಎಲ್ಲಿ ಅದಾಳ್ರೀ? ಕೂಸು ಎಲ್ಲಿ ಅದಾಳ?”

ಆ ಹೊತ್ತಿಗೆ ದಾರಿಯ ಆಚೆ ಬದಿಯಲ್ಲಿ ಮೈಮುನಬಿ ಮೆಂತೆ ಮಡಿಗೆ ನೀರು ಬಿಡುತ್ತಿದ್ದಳು. ಅವಳಿಗೂ ಕೂಗು ಕೇಳಿಸಿತ್ತು. ಕೂಗು ಬಂದ ದಿಕ್ಕಿನಲ್ಲಿ ದಾರಿಯ ಪಕ್ಕ ಸೊಂಟದಾಳದ ಒಣ ಕಾಲುವೆ ಇದೆ. ಅವಳು ಸೀರೆಯ ಸೆರಗನ್ನು ನೀರಿನಲ್ಲಿ ಅದ್ದಿ ಮೂಗು ಬಾಯಿಗೆ ಬಿಗಿದು ಕಟ್ಟಿಕೊಂಡಳು. ಗಂಡನಿಗೆ “ಪಂಪಿನ ಪೈಪ ಒಡ್ಡಿನ ಕಡೆ ತಿರಗಸ್ರಿ” ಎಂದು ಕೂಗಿ ಕಾಲುವೆಗೆ ಇಳಿದಳು. ನಿಂತು ನಡೆಯಲಿಲ್ಲ. ಹೊಗೆ ಮೇಲೆ ದಟ್ಟ, ನೆಲದ ಹತ್ತಿರ ಕಡಿಮೆ. ಹೊಟ್ಟೆಯ ಮೇಲೆ ತೆವಳುತ್ತ ಕೈಯಾಡಿಸುತ್ತ ಹೋದಳು. ಇಪ್ಪತ್ತು ಮಾರು ಹೋದ ಮೇಲೆ ಕೈಗೆ ಒಂದು ಚಪ್ಪಲಿ ಸಿಕ್ಕಿತು. ಅದರ ಆಚೆಗೆ ಕಾಲು.

ಹೊಗೆಯಲ್ಲಿ ದಾರಿ ತಪ್ಪಿ ಕಾಲುವೆಗೆ ಉರುಳಿದ್ದ ಅಮೃತಾ ಬೋರಲು ಬಿದ್ದಿದ್ದಳು. ಮೈಮುನಬಿ ಕರೆದಳು, ಅಲುಗಿಸಿದಳು. ಮಾತಿಲ್ಲ. ತಲೆಯ ಮೇಲೆ ಚಾಚಿದ್ದ ಬೇವಿನ ಟೊಂಗೆಯೊಂದು ಉರಿಯುತ್ತ ಮುರಿದು ಒಡ್ಡಿಗೆ ಬಿತ್ತು. ಹುಡುಗಿಯ ಎರಡೂ ರಟ್ಟೆ ಹಿಡಿದು ಅವಳು ಹಿಂದಕ್ಕೆ ಎಳೆಯುತ್ತ, ಎಳೆಯುತ್ತ ಮೆಂತೆ ಮಡಿಯವರೆಗೆ ತಂದಳು.

ಬೆಂಕಿ ಆ ಹಸಿ ಮಡಿಗೆ ಬಂದು ನಿಂತಿತು, ಆಚೆಗಿದ್ದ ಖಾಜಾಸಾಬನ ರವದಿಗೆ ಮುಟ್ಟಲಿಲ್ಲ. ಆದರೆ ಯಾರೂ ಬೆಂಕಿಯ ಕಡೆ ನೋಡುತ್ತಿರಲಿಲ್ಲ. ಹುಡುಗಿಯ ತುಟಿ ನೀಲಿಯಾಗಿತ್ತು. ಎದೆಯಿಂದ ಸುಂಯ್ ಸುಂಯ್ ಎಂದು ಸಣ್ಣ ಸದ್ದು ಮಾತ್ರ ಬರುತ್ತಿತ್ತು. ಖಾಜಾಸಾಬ ಮೋಟರ್ ಸೈಕಲ್ ತೆಗೆದ. ಸಾವಿತ್ರೆವ್ವ ಮೊಮ್ಮಗಳನ್ನು ಎದೆಗೆ ಅವಚಿಕೊಂಡು ಹಿಂದೆ ಕುಳಿತಳು. ಕಲಘಟಗಿ ಮುಟ್ಟುವವರೆಗೆ ಅವಳು ಆ ಸದ್ದನ್ನೇ ಕೇಳುತ್ತಿದ್ದಳು. ಗಾಡಿಯ ಸದ್ದಿನಲ್ಲಿ ಅದು ಕೇಳಿಸದೆ ಹೋದಾಗಲೆಲ್ಲ ಮಗುವಿನ ಮೂಗಿನ ಹತ್ತಿರ ಕೆನ್ನೆ ಇಟ್ಟು ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. “ಹೊಗಿ ಎದಿಯೊಳಗ ಹೋಗೈತಿ. ಇವತ್ತ, ನಾಳಿ ಏನೂ ಹೇಳಾಕ ಬರೂದಿಲ್ಲ. ಇಲ್ಲೇ ಇರಬೇಕು,” ಎಂದರು.

ಅಮೃತಾಳ ತಾಯಿ ದಾನೇಶ್ವರಿ ಓಡಿ ಬಂದಳು. ಮಗಳ ಮುಖದ ಮೇಲಿನ ಮಾಸ್ಕು, ಸುಟ್ಟ ರೆಪ್ಪೆಗೂದಲು ನೋಡಿದಳು. ಮೂಲೆಯಲ್ಲಿ ಮಾವ ನಿಂತಿದ್ದ. ಅವನ ಮುಂಗೈ ಮೇಲೆ ಬೊಬ್ಬೆ ಎದ್ದಿತ್ತು, ಅಂಗಿಯೆಲ್ಲ ಬೂದಿ.

“ಮಾವಾರ, ಬೆಂಕಿ ಯಾರ ಹಚ್ಚಿದ್ರಿ?”

“ನಾನವಾ,” ಎಂದ ಶಂಭುಲಿಂಗಪ್ಪ. “ನಾನ ಹಚ್ಚಿದೆ.”

ದಾನೇಶ್ವರಿ ಮಗಳ ಕಡೆ ತಿರುಗಿ ಕುಳಿತಳು. ಆಮೇಲೆ ಎರಡು ದಿನ ಅವನೊಂದಿಗೆ ಒಂದು ಮಾತೂ ಆಡಲಿಲ್ಲ.

ಮೂರನೇ ದಿನ ಅಮೃತಾ ಕಣ್ಣು ತೆರೆದು ನೀರು ಕೇಳಿದಳು. ಜೀವ ಉಳಿಯಿತು. ಆದರೆ ಕೆಮ್ಮು ಎರಡು ತಿಂಗಳು ಬಿಡಲಿಲ್ಲ. ಹತ್ತು ಹೆಜ್ಜೆ ಓಡಿದರೆ ಎದೆ ಹಿಡಿದುಕೊಂಡು ನಿಲ್ಲುತ್ತಿದ್ದಳು. ನೀರೊಲೆಗೆ ಬೆಂಕಿ ಹಾಕಿದರೂ ಹೆದರಿ ಹೊರಗೆ ಓಡುತ್ತಿದ್ದಳು. ಸಾವಿತ್ರೆವ್ವನಿಗೂ ಅದೇ ಹೆದರಿಕೆ. ದೂರದಲ್ಲಿ ಯಾರ ಹೊಲದಲ್ಲಾದರೂ ಹೊಗೆ ಎದ್ದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಮೊಮ್ಮಗಳು ಎಲ್ಲಿದ್ದಾಳೆ ಎಂದು ಹುಡುಕುತ್ತಿದ್ದಳು.

ಶಂಭುಲಿಂಗಪ್ಪ ಬಹಳ ದಿನ ಹೊಲದ ಕಡೆ ಹೋಗಲಿಲ್ಲ. ಹೋದದ್ದು ಏಪ್ರಿಲ್ ತಿಂಗಳಲ್ಲಿ. ಬಿಸಿಲು ಆ ವರ್ಷ ಬಹಳ ಬೇಗ ಏರಿತ್ತು. ಅವನ ಕೂಳೆ ಕಬ್ಬು ಅಲ್ಲಲ್ಲಿ ಚಿಗುರಿತ್ತು, ಉಳಿದ ಕಡೆ ಬುಡಗಳು ಸತ್ತಿದ್ದವು. ಚಿಗುರಿದ್ದರ ಎಲೆಯ ತುದಿಯೂ ಒಣಗಿತ್ತು. ಬಾಜುವಿನ ಹೊಲದಲ್ಲಿ ಖಾಜಾಸಾಬನ ಕಬ್ಬು ಮೊಣಕಾಲುದ್ದ ಹಸಿರಾಗಿತ್ತು.

ಅವನು ಮೈಮುನಬಿಯನ್ನು ಕರೆದ. “ಮೈಮುನಾ, ನೀರು ನಿನ್ನಷ್ಟ ನಾನೂ ಬಿಟ್ಟೇನಿ. ಹಿಂಗ್ಯಾಕ?”

ಮೈಮುನಬಿ ತನ್ನ ಹೊಲದ ಪುಡಿ ರವದಿಯನ್ನು ಕೈಯಿಂದ ಸರಿಸಿದಳು. ಕೆಳಗೆ ಮಣ್ಣು ಕಪ್ಪಗೆ, ತಂಪಾಗಿತ್ತು. ಒಂದು ಹಿಡಿ ಎತ್ತಿದರೆ ಎರಡು ಎರೆಹುಳು. ಆಮೇಲೆ ಅವನ ಹೊಲದಲ್ಲಿ ಕಳೆ ಕೀಳುವ ಕುರ್ಚಿಗೆಯಿಂದ ಕೆದರಿದಳು. ಮಣ್ಣು ಹೆಂಟೆ ಹೆಂಟೆಯಾಗಿ ಎದ್ದಿತು. ಒಂದು ಹುಳವೂ ಇರಲಿಲ್ಲ.

“ರವದಿ ನೆಲಕ್ಕ ಹೊದಿಕಿ ಇದ್ದಂಗರಿ ಕಾಕಾ. ಅದನ್ನ ಸುಟ್ಟರ ಹಸಿ ಉಳಿಯೂದಿಲ್ಲ, ಮಣ್ಣಾಗಿನ ಜೀವಾನೂ ಸಾಯತಾವ. ಗಿಡಾ ಗಾಳಿಯಾಗಿಂದ ಶೆಕಿ ಹೆಚ್ಚಿಸೂ ಇಂಗಾಲದ ಅನಿಲ ಎಳಕೊಂಡು ಮೈಯಾಗ ಇಟಗೊಂಡಿರತೈತಿ. ನಾವು ಕಡ್ಡಿ ಗೀರಿದ್ವಿ ಅಂದ್ರ ಅದೆಲ್ಲಾ ಒಂದ ತಾಸಿನಾಗ ಹೊರಗ ಬರತೈತಿ. ಹೊಗಿಯಾಗಿನ ಕರಿ ಕಣ ಬಿಸಲ ಹೀರಿ ಗಾಳಿ ಕಾಸತಾವ. ಕೆಲವು ಅನಿಲ ಬಿಸಲಿಗೆ ಕೂಡಿ ಮತ್ತೊಂದ ವಿಷಾ ಆಗತಾವ, ಅದು ಎಲಿ ಸುಡತೈತಿ. ಕಾರ್ಖಾನಿ, ಲಾರಿ, ನಮ್ಮ ಹೊಲ ಎಲ್ಲಾದೂ ಕೂಡಿ ಶೆಕಿ ಹೆಚ್ಚಾಗತೈತಿ. ಮಳಿ ಬರೂ ಹೊತ್ತಿಗೆ ಬರೂದಿಲ್ಲ, ಕಾಳು ತುಂಬೂ ಹೊತ್ತಿಗೆ ಬಂದು ಬಡೀತೈತಿ. ಬೆಳಿ ಕಡಿಮಿ ಬಂದ್ರ ರೈತಗ ಅವಸರ, ಅವಸರಕ್ಕ ಮತ್ತ ಬೆಂಕಿ.”

ಶಂಭುಲಿಂಗಪ್ಪ ಒಡ್ಡಿನ ಬೇವಿನ ಮರದ ಕಡೆ ನೋಡಿದ. ಅರ್ಧ ಮರ ಕರಕಲಾಗಿ ನಿಂತಿತ್ತು.

“ಅಂದ್ರ ನಾ ಬರೇ ರವದಿ ಸುಟ್ಟಿಲ್ಲ,” ಎಂದ. “ಮುಂದ ಕೂಸು ಉಣ್ಣೂ ಅನ್ನಾನೂ ಸುಟ್ಟೇನಿ.”

ಮೈಮುನಬಿ ಕುರ್ಚಿಗೆಗೆ ಅಂಟಿದ ಮಣ್ಣು ಒರೆಸಿದಳು. “ಈ ಸಲ ಮಳಿಗಾಲದಾಗ ಒಡ್ಡಿಗೆ ಹೊಂಗಿ, ಬೇವು ಹಚ್ಚೂಣು ಕಾಕಾ. ನಾ ಸಸಿ ಕೊಡಸ್ತೇನಿ,” ಎಂದಳು.

ಈ ವರ್ಷ ಕಬ್ಬು ಕಡಿದ ನಾಲ್ಕನೇ ದಿನವೇ ಶಂಭುಲಿಂಗಪ್ಪನ ಹೊಲಕ್ಕೆ ಯಂತ್ರ ಬಂತು. ಪುಡಿಯಾದ ರವದಿಯನ್ನು ಸಾಲುಗಳ ನಡುವೆ ಹರವಿ, ಸಗಣಿ ರಾಡಿ ಚಿಮುಕಿಸಿ, ನೀರು ಬಿಟ್ಟು ನೆನೆಸಿದರು. ಕಿಡಿ ಬಿದ್ದರೂ ಹರಡದಂತೆ ಸುತ್ತಲಿನ ಒಡ್ಡಿನ ಹುಲ್ಲು ಕಿತ್ತು ಹಾಕಿದರು. ಸಾವಿತ್ರೆವ್ವ, ದಾನೇಶ್ವರಿ ಇಬ್ಬರೂ ಕೈ ಹಚ್ಚಿದರು.

ಅದೇ ವಾರ ಸಂಘದ ಸಭೆ ಇತ್ತು. ಗುರವ್ವ ಎಂಬ ಸದಸ್ಯೆ ಎದ್ದು ನಿಂತು, “ನಮ್ಮನ್ಯಾಗ ನಾಳಿ ರವದಿ ಸುಡಾವ್ರದಾರ. ನಾ ಹೇಳಿದ್ರ ಗಂಡಸರು ಕೇಳೂದಿಲ್ರಿ,” ಎಂದಳು.

ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಶಂಭುಲಿಂಗಪ್ಪ ಬಾಗಿಲಿಗೆ ಬಂದ. ಹೆಣ್ಣುಮಕ್ಕಳ ಸಭೆಯಲ್ಲಿ ಅವನು ಎಂದೂ ಬಾಯಿ ತೆರೆದವನಲ್ಲ.

“ನಾ ಬರತೇನಿ ನಡೀರಿ, ಅವ್ರಿಗೆ ನಾನ ಹೇಳತೇನಿ,” ಎಂದ. “ನನಗೂ ಈ ಮೈಮುನಾ ಹೇಳಿದ್ಲು. ನಾ ನಕ್ಕೆ. ಮರುದಿನಾ ನಾ ಹಚ್ಚಿದ ಬೆಂಕಿಯಾಗ ನನ್ನ ಮೊಮ್ಮಗಳು ಅಜ್ಜಾ ಅಂತ ಒದರಿದ್ಲು. ನಾ ಹತ್ತ ಮಾರಿನ ಮ್ಯಾಲ ಇದ್ದೆ, ನನಗ ಆಕಿ ಕಾಣಲಿಲ್ಲ. ಮೈಮುನಾ ಇರಲಿಲ್ಲಂದ್ರ...”

ದಾನೇಶ್ವರಿ ಎದ್ದು ಚಾಪೆಯ ಮೇಲೆ ಜಾಗ ಮಾಡಿದಳು. “ಒಳಗ ಬರ್ರಿ ಮಾವಾರ. ಕುಂದರ್ರಿ.”

ಮರುದಿನ ಗುರವ್ವನ ಹೊಲದಲ್ಲಿ ಬೆಂಕಿ ಬೀಳಲಿಲ್ಲ. ಶಂಭುಲಿಂಗಪ್ಪ ಅವಳ ಗಂಡನ ಜೊತೆ ಯಂತ್ರದ ಹಿಂದೆ ಹಿಂದೆ ಸಂಜೆಯವರೆಗೂ ನಡೆದಾಡುತ್ತಿದ್ದ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಲದಲ್ಲೂ ಈಗ ರವದಿ ಇರಬಹುದು, ಹತ್ತಿ ಕಟ್ಟಿಗೆ ಇರಬಹುದು, ಗೋವಿನಜೋಳದ ದಂಟು ಇರಬಹುದು. ಅದಕ್ಕೆ ಬೆಂಕಿ ಹಚ್ಚಬೇಡಿ. ಪುಡಿ ಮಾಡಿ ಮಣ್ಣಿಗೆ ಸೇರಿಸಿ, ಇಲ್ಲವೇ ತಿಪ್ಪೆಗೆ ಹಾಕಿ ಗೊಬ್ಬರ ಮಾಡಿ. ಯಂತ್ರ ಎಲ್ಲಿ ಸಿಗುತ್ತದೆ ಎಂದು ನಿಮ್ಮ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಇವತ್ತೇ ಕೇಳಿ. ಒಬ್ಬರಿಗೆ ಆಗದಿದ್ದರೆ ನಾಲ್ಕು ಮನೆಯವರು ಕೂಡಿ ತರಿಸಿ. ಒಡ್ಡಿನ ಮೇಲೆ ಗಿಡ ನೆಡಿ, ಇದ್ದ ಗಿಡ ಉಳಿಸಿ. ಎಲ್ಲಾದರೂ ಬೆಂಕಿ ಹರಡುವುದು ಕಂಡರೆ 112ಕ್ಕೆ ಫೋನ್ ಮಾಡಿ, ಮಕ್ಕಳನ್ನು ಮೊದಲು ದೂರ ಕಳಿಸಿ. ಹೊಗೆಯಲ್ಲಿ ಸಿಕ್ಕಿಕೊಂಡರೆ ಒದ್ದೆ ಬಟ್ಟೆ ಮೂಗಿಗೆ ಕಟ್ಟಿ ನೆಲಕ್ಕೆ ಬಗ್ಗಿ ಹೊರಗೆ ಬನ್ನಿ.

ಅಮೃತಾ ಉಳಿದಳು. ಎಲ್ಲ ಮಕ್ಕಳಿಗೂ ಅಷ್ಟು ಹತ್ತಿರದಲ್ಲಿ ಒಬ್ಬ ಮೈಮುನಬಿ ಇರುವುದಿಲ್ಲ.