ಕರೆದದ್ದು

“ಬಿದ್ದಾಗ ಮನೇಲಿ ಯಾರೂ ಇರ್ಲಿಲ್ವೇನಮ್ಮಾ?” ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಡಾಕ್ಟರು ಕೇಳಿದರು.

“ಇದ್ರಲ್ರಿ, ನಮ್ಮನಿಯವರು. ಹೊರಗ ಕುಂತಿದ್ರು,” ಎಂದಳು ಕಾಶವ್ವ. “ಕರದು ಕರದು ಗಂಟಲಾ ಬತ್ತಿತು. ಎದ್ದು ಬರ್ಲಿಲ್ಲ.”

ಮಂಚದ ಕಾಲ ಬಳಿ ನಿಂತಿದ್ದ ಶಿವಪುತ್ರ ಹೆಂಡತಿಯ ತುಟಿಯನ್ನೇ ನೋಡುತ್ತಿದ್ದ. ಡಾಕ್ಟರು ತನ್ನ ಕಡೆ ತಿರುಗಿದಾಗ ತಲೆ ತಗ್ಗಿಸಿದ.

ನಿನ್ನೆ ಸಂಜೆ ವಿದ್ಯಾರಣ್ಯಪುರದ ಬಾಡಿಗೆ ಮನೆಯ ಬಚ್ಚಲಲ್ಲಿ ಜಾರಿ, ತೊಡೆಯ ಮೂಳೆ ಮುರಿದು, ಕಾಶವ್ವ ಮುಕ್ಕಾಲು ಗಂಟೆ ಒದ್ದೆ ನೆಲದ ಮೇಲೆ ಬಿದ್ದಿದ್ದಳು. ಹತ್ತು ಹೆಜ್ಜೆ ಆಚೆ ಶಿವಪುತ್ರ ಪೇಪರು ಓದುತ್ತಿದ್ದ. ಕಾಲೇಜಿನಿಂದ ಬಂದ ಮಗಳು ರಕ್ಷಾ ಬಾಗಿಲಲ್ಲೇ ಅವ್ವನ ದನಿ ಕೇಳಿ ಓಡಿದಾಗ, “ಯಾಕ, ಏನಾತು?” ಎಂದಿದ್ದ. ಆಮೇಲೆ ಅವಳು ಅಪ್ಪನೊಡನೆ ಒಂದು ಮಾತೂ ಆಡಿರಲಿಲ್ಲ.

ಯಶವಂತಪುರದ ಶೆಡ್ಡಿನಲ್ಲಿ ದಿನವಿಡೀ ತಗಡು ಬಡಿಯುವ ಪ್ರೆಸ್ ಮಷೀನಿನ ಮುಂದೆ ಇಪ್ಪತ್ನಾಲ್ಕು ವರ್ಷ ನಿಂತವನು ಅವನು. ಮೊದಲು ಬಲಗಿವಿ ಹೋಯಿತು, ಆಮೇಲೆ ಎಡಗಿವಿಯೂ ಮಂದವಾಯಿತು. ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆಂದು ಶೆಡ್ಡಿನಲ್ಲಿ ಹೇಳಲಿಲ್ಲ. ಮನೆಯಲ್ಲಿ ಯಾಕೆ ಹೇಳಲಿಲ್ಲ ಎನ್ನುವುದು ಅವನಿಗೇ ಸರಿಯಾಗಿ ತಿಳಿಯದು. ಎದುರಿಗಿದ್ದವರು ನಕ್ಕರೆ ನಗುವುದು, ಇಲ್ಲವಾದರೆ ಮುಖ ಗಂಟಿಕ್ಕಿ ಕೂರುವುದು ರೂಢಿಯಾಯಿತು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಸಿಡುಕ ಅನ್ನಿಸಿಕೊಳ್ಳುವುದು ಹಗುರವೆನಿಸಿತ್ತು.

ಡಾಕ್ಟರು ಹೋದರು. ರಕ್ಷಾ ಔಷಧಿ ತರಲು ಕೆಳಗಿಳಿದಳು. ಶಿವಪುತ್ರ ತಲೆದಿಂಬಿನ ಹತ್ತಿರ ಬಂದ.

“ಕಾಶಿ, ನನಗ ಕೇಳ್ಸಂಗಿಲ್ಲ.”

ತನ್ನ ದನಿ ಎಷ್ಟು ದೊಡ್ಡದಾಗಿದೆ ಎಂಬುದು ಅವನಿಗೆ ತಿಳಿಯಲಿಲ್ಲ. ಆಚೀಚೆ ಮಂಚದವರೆಲ್ಲ ತಿರುಗಿ ನೋಡಿದರು.

“ಮೂರು ವರ್ಷಾತು. ಬಲಗಿವಿ ಪೂರ್ತಿ ಹೋಗೈತಿ. ಎಡದ್ರಾಗ ಬರೇ ಗುಂಯ್ ಅಂತೈತಿ. ನೀ ಕರದದ್ದು ನನಗ ಗೊತ್ತಾಗ್ಲೇ ಇಲ್ಲ.”

ಕಾಶವ್ವ ಅವನ ಕಡೆ ತಿರುಗಿದಳು. ಇನ್ನು ಅವಳ ಸಿಟ್ಟು ಇಳಿಯಬಹುದೆಂದು ಅವನು ಕಾದ. ಅವಳ ತುಟಿ ನಿಧಾನವಾಗಿ, ಬಿಡಿಬಿಡಿಯಾಗಿ ಆಡಿತು.

“ಮೂರು ವರ್ಷ. ನಾ ಏನರ ತಪ್ಪ ಮಾಡೇನೇನು ಅಂತ ದಿನಾ ಹುಡುಕ್ಕೋತ ಕುಂತಿದ್ನಿ. ಕಡೀಕ ಮಾತಾಡೂದ ಬಿಟ್ಟೆ.”

“ಹೇಳ್ಬೇಕಂತಿದ್ನಿ…”

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಹೊದಿಕೆಯಡಿ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ, ಏನಾದರೂ ಹೇಳುತ್ತಿದ್ದಾಳೋ? ತುಟಿ ಕಾಣಲೆಂದು ಅವನು ಮಂಚ ಬಳಸಿ ಆಚೆ ಹೋಗಲು ನೋಡಿದ. ಮಂಚಕ್ಕೂ ಗೋಡೆಗೂ ನಡುವೆ ಒಂದು ಗೇಣೂ ಜಾಗವಿರಲಿಲ್ಲ.

ಪಕ್ಕದ ಮಂಚದ ಹೆಂಗಸು ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿ ಕಾಶವ್ವನ ಕಡೆಗೇ ಕಿವಿಗೊಟ್ಟಿದ್ದಳು. ಶಿವಪುತ್ರ ಕಬ್ಬಿಣದ ಸರಳು ಹಿಡಿದು, ಆ ಅಪರಿಚಿತಳ ಮುಖವನ್ನೇ ನೋಡುತ್ತ ನಿಂತ.